ಹಾಲು ಅಳೆಯುವ ಕೈಗೆ ಎಷ್ಟು ಹಾಲು?



ಇತಿಹಾಸವೆಂದರೆ ರಾಜರು, ಯುದ್ಧಗಳು, ಶಾಸನಗಳು ಎಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಅಡುಗೆಮನೆಗೂ ಒಂದು ಇತಿಹಾಸವಿದೆ. ಮನೆಯಲ್ಲಿ ಯಾರಿಗೆ ಏನನ್ನು ಬಡಿಸುತ್ತಾರೆ, ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ ಎಂಬುದನ್ನು ಯಾವ ಶಾಸನದಲ್ಲಿಯೂ ಕೆತ್ತಿಲ್ಲ. ಅದರ ಪರಿಣಾಮ ಮಾತ್ರ ಮನುಷ್ಯರ ಮೈಯಲ್ಲಿ, ಮುಖ್ಯವಾಗಿ ಮೂಳೆಗಳಲ್ಲಿ ಉಳಿದಿರುತ್ತದೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಹಾಲು ನಡೆದುಬಂದ ದಾರಿಯನ್ನು ಇಲ್ಲಿ ನೋಡೋಣ. ಓದುತ್ತಿರುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಸುಕಿನಲ್ಲೆದ್ದು ಹಾಲು ಕರೆದು, ಅಳೆದು, ಕಾಯಿಸಿ, ಎಲ್ಲರಿಗೂ ಹಂಚುವ ಹೆಂಗಸು ತಾನು ಎಷ್ಟು ಹಾಲು ಕುಡಿಯುತ್ತಾಳೆ?

ಗೊಬ್ಬರಕ್ಕಾಗಿ ಸಾಕಿದ ದನ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಕರಾವಳಿಯು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹೊಸದಾಗಿ ದೊರೆತ ಸೀಮೆಯ ಬೇಸಾಯ, ಬೆಳೆ, ಗೇಣಿ, ಜನಜೀವನಗಳನ್ನು ತಿಳಿದು ಬರುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನೇಮಿಸಿದನು. 1800ರಲ್ಲಿ ಮದ್ರಾಸಿನಿಂದ ಹೊರಟ ಆತ 1801ರ ಆರಂಭದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದನು. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕಂಪನಿಗೆ ಬೇಕಾಗಿದ್ದುದು ಕಂದಾಯದ ಲೆಕ್ಕ. ಕಂದಾಯ ಹುಟ್ಟುತ್ತಿದ್ದುದು ಭತ್ತ, ಅಡಿಕೆ, ತೆಂಗುಗಳಿಂದ. ಹಟ್ಟಿಯ ಹಾಲಿನಿಂದ ಅಲ್ಲ.

ಈ ನಾಡಿನ ದನವನ್ನು ನೀವು ನೋಡಿರಬಹುದು. ತುಳುವಿನಲ್ಲಿ ‘ಪೆತ್ತ’ ಎಂದು ಕರೆಯುವ ಈ ಗಿಡ್ಡ ಹಸುವಿನ ಎತ್ತರ ಸುಮಾರು ಮೂರು ಅಡಿ. ಪಶುವಿಜ್ಞಾನಿಗಳು ಇದನ್ನು ‘ಮಲೆನಾಡು ಗಿಡ್ಡ’ ತಳಿ ಎನ್ನುತ್ತಾರೆ. ಜಡಿಮಳೆಯನ್ನೂ ಗುಡ್ಡದ ಏರುಪೇರನ್ನೂ ತಾಳಿಕೊಂಡು, ಮೇದು ಬಂದದ್ದರಲ್ಲೇ ಬದುಕುವ ಪ್ರಾಣಿ ಇದು. ಆದರೆ ಕರುವಿಗೆ ಬಿಟ್ಟು ಕರೆದರೆ ದಿನಕ್ಕೆ ಒಂದೆರಡು ಲೀಟರು ಹಾಲು ಸಿಕ್ಕರೆ ಹೆಚ್ಚು.

ಹಾಗಿದ್ದರೂ ರೈತರು ಹಟ್ಟಿ ತುಂಬ ದನ ಸಾಕುತ್ತಿದ್ದರು. ಇದಕ್ಕೆ ಕಾರಣ ಗೊಬ್ಬರ. ಇಲ್ಲಿಯ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ. ಆದುದರಿಂದ ಗುಡ್ಡದಿಂದ, ಕುಮ್ಕಿ ಜಾಗದಿಂದ ಸೊಪ್ಪು ಕಡಿದು ತಂದು ಹಟ್ಟಿಗೆ ಹಾಸಿ, ಸಗಣಿ ಗಂಜಳದೊಡನೆ ಕೊಳೆಸಿ ಗದ್ದೆಗೂ ತೋಟಕ್ಕೂ ಹಾಕುತ್ತಿದ್ದರು. ಸೊಪ್ಪು ಹೊರುವ, ಸಗಣಿ ಬಾಚುವ ಕೆಲಸದ ದೊಡ್ಡ ಪಾಲು ಹೆಂಗಸರದಾಗಿತ್ತು. ಹಾಲು ಈ ಕೃಷಿಪದ್ಧತಿಯಲ್ಲಿ ಸಿಗುತ್ತಿದ್ದ ಉಪ ಉತ್ಪನ್ನ ಮಾತ್ರ.

ಬೆಣ್ಣೆ ಒಂದು ಕಡೆ, ಮಜ್ಜಿಗೆ ಒಂದು ಕಡೆ

ಸಿಕ್ಕಿದ ಅಷ್ಟಿಷ್ಟು ಹಾಲನ್ನು ಮನೆಗಳಲ್ಲಿ ಹೇಗೆ ಬಳಸುತ್ತಿದ್ದರು? ಮೊದಲ ಪಾಲು ಮಗುವಿಗೆ ಮತ್ತು ರೋಗಿಗೆ. ಉಳಿದುದನ್ನು ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಕಾಯಿಸಿದ ತುಪ್ಪ ದೇವರ ದೀಪಕ್ಕೆ, ಹಬ್ಬದ ಅಡುಗೆಗೆ, ನೆಂಟರ ಎಲೆಗೆ. ಅನೇಕ ಮನೆಗಳಲ್ಲಿ ಹೆಂಗಸರ ಪಾಲಿಗೆ ಉಳಿಯುತ್ತಿದ್ದುದು ನೀರು ಬೆರೆಸಿದ ಮಜ್ಜಿಗೆ. ಅದನ್ನು ಕುಚ್ಚಲಕ್ಕಿ ಗಂಜಿಯೊಡನೆ, ಉಪ್ಪಿನಕಾಯಿಯೊಡನೆ ಉಂಡು ಕೆಲಸಕ್ಕೆ ಹೋಗುತ್ತಿದ್ದರು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹಾಲಿನ ಜಿಡ್ಡಿನಲ್ಲಿ ಇರುವುದಿಲ್ಲ. ಬೆಣ್ಣೆ ತೆಗೆದ ಮೇಲೆಯೂ ಅದು ಮಜ್ಜಿಗೆಯಲ್ಲಿಯೇ ಉಳಿಯುತ್ತದೆ. ತುಪ್ಪದಲ್ಲಿ ಅದು ಇಲ್ಲವೆಂದರೂ ಸರಿ. ಹೀಗೆ ಮರ್ಯಾದೆಯೆಲ್ಲ ತುಪ್ಪಕ್ಕೆ ಸಂದರೂ ಮೂಳೆಯ ಬಲ ಮಜ್ಜಿಗೆಯಲ್ಲಿತ್ತು! ಆದರೆ ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು ಬೆರೆತರೆ ಪ್ರತಿ ಲೋಟಕ್ಕೆ ಸಿಗುವುದು ಐದನೆಯ ಒಂದು ಭಾಗ ಅಷ್ಟೆ.

ಘಟ್ಟದ ಮೇಲಿನ ರಾಗಿ ಉಣ್ಣುವ ಜನರಿಗೆ ಹಾಲು ಕಡಿಮೆಯಾದರೂ ಒಂದು ಆಸರೆಯಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತು ಮಿ.ಗ್ರಾಂನ ಆಸುಪಾಸು. ಅಕ್ಕಿಯನ್ನೇ ನಂಬಿದ ಕರಾವಳಿಯವರಿಗೆ ಈ ಕೊರತೆಯನ್ನು ತುಂಬುತ್ತಿದ್ದುದು ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ನುಗ್ಗೆಸೊಪ್ಪು, ಹುರುಳಿ, ಎಳ್ಳು ಮುಂತಾದವು. ಎಲೆಅಡಿಕೆಗೆ ಹಚ್ಚುವ ಸುಣ್ಣದಿಂದಲೂ ಸ್ವಲ್ಪ ಕ್ಯಾಲ್ಸಿಯಂ ಸಿಗುತ್ತಿತ್ತು. ಆದರೆ ಅದನ್ನು ಅನುಕರಿಸಬೇಡಿ. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ.

ಸೊಸೈಟಿಗೆ ಹೋದ ಹಾಲು

ಹಾಲಿನ ಕಥೆಗೆ ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ. ಗುಜರಾತಿನ ಆನಂದದಲ್ಲಿ 1946ರಲ್ಲಿ ಹುಟ್ಟಿದ ಹಾಲು ಉತ್ಪಾದಕರ ಸಹಕಾರ ಸಂಘದ ಮಾದರಿಯನ್ನು ದೇಶಕ್ಕೆಲ್ಲ ಹರಡುವ ‘ಕ್ಷೀರಧಾರೆ’ ಯೋಜನೆ 1970ರಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನುಗಾರಿಕೆ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ‘ನಂದಿನಿ’ ಹಾಲು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕರಾವಳಿಯಲ್ಲಿ ಮೊದಲು ಮಣಿಪಾಲದಲ್ಲಿ ಹಾಲಿನ ಒಕ್ಕೂಟವೊಂದು ತಲೆಯೆತ್ತಿತು. ಅನಂತರ ಜಿಲ್ಲೆಗೆಲ್ಲ ಒಂದಾಗಿ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ಬೆಳೆದು, ಮಂಗಳೂರಿನ ಕುಲಶೇಖರದಲ್ಲಿ ಅದರ ಡೈರಿ ನೆಲೆಗೊಂಡಿತು.

ಇದಕ್ಕೆ ನೆಲ ಹದವಾಗಿದ್ದುದಕ್ಕೆ ಇನ್ನೊಂದು ಕಾರಣವಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಾಗಿದ್ದ ಸಾವಿರಾರು ಕುಟುಂಬಗಳು ತಾವು ಉಳುವ ನೆಲಕ್ಕೆ ಒಡೆಯರಾದವು. ಸ್ವಂತ ನೆಲದ ಬದುವಿನಲ್ಲಿ ಹುಲ್ಲು ಬೆಳೆಸಿ, ಸಾಲ ಮಾಡಿ ಒಂದು ಜರ್ಸಿ ಮಿಶ್ರತಳಿಯ ಹಸುವನ್ನು ಕಟ್ಟುವ ಧೈರ್ಯ ಅಂಥವರಿಗೆ ಬಂದಿತು. ಗಿಡ್ಡ ಹಸು ವಾರಕ್ಕೆ ಕೊಡುತ್ತಿದ್ದಷ್ಟು ಹಾಲನ್ನು ಚೆನ್ನಾಗಿ ಮೇಯಿಸಿದ ಮಿಶ್ರತಳಿಯ ಹಸು ಒಂದೇ ದಿನದಲ್ಲಿ ಕೊಡಬಲ್ಲುದು.

ಬೆಳ್ತಂಗಡಿಯ ಯಾವುದೇ ಹಳ್ಳಿಯ ಹಾಲಿನ ಸೊಸೈಟಿಯ ಮುಂದೆ ಬೆಳಿಗ್ಗೆ ನಿಂತು ನೋಡಿ. ತೂಕುಪಾತ್ರೆ ಹಿಡಿದು ಬರುವವರಲ್ಲಿ ಹೆಂಗಸರು ಎಷ್ಟು ಜನ ಎಂದು ಎಣಿಸಿ. ಹಾಲನ್ನು ಅಳೆದು, ಸ್ಯಾಂಪಲ್ ತೆಗೆದು, ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಪರೀಕ್ಷಿಸಿ ಅದರಂತೆ ದರ ಕಟ್ಟುತ್ತಾರೆ. ಬೀಡಿ ಕಟ್ಟಿ ಬರುವ ಮಜೂರಿಯೊಡನೆ ಈ ಹಾಲಿನ ಹಣವೂ ಸೇರಿ ಎಷ್ಟೋ ಮನೆಗಳ ಮಕ್ಕಳನ್ನು ಕಾಲೇಜಿಗೆ ಕಳುಹಿಸಿತು. ಹಾಲಿನ ಹಣ ಹೆಣ್ಣಿಗೆ ಒಂದು ದನಿಯನ್ನು ಕೊಟ್ಟಿತು ಎಂಬುದನ್ನು ನಾವು ಮರೆಯಬಾರದು.

ಆದರೆ ಇದರ ಇನ್ನೊಂದು ಮುಖವೂ ಇದೆ. ಹಿಂದೆ ಹಾಲು ಮಾರುವ ವಸ್ತುವಾಗಿರಲಿಲ್ಲ, ಆದ್ದರಿಂದ ಮನೆಯಲ್ಲಿ ಮಜ್ಜಿಗೆಯಾದರೂ ಉಳಿಯುತ್ತಿತ್ತು. ಈಗ ಪ್ರತಿಯೊಂದು ಲೋಟಕ್ಕೂ ಬೆಲೆ ಇದೆ. ಮನೆಗೆಂದು ಹಾಲು ತೆಗೆದಿಡುವಾಗ ಕೈ ತಡೆಯುತ್ತದೆ. ಎತ್ತಿಟ್ಟದ್ದರಲ್ಲಿ ಮಕ್ಕಳಿಗಿಷ್ಟು, ಗಂಡಸರ ಚಹಾಕ್ಕಿಷ್ಟು. ಅಳೆದು ಕೊಟ್ಟವಳಿಗೆ ಚಹಾದ ಬಣ್ಣ ಬದಲಾಗುವಷ್ಟು!

ಮುಟ್ಟು ನಿಂತ ಮೇಲೆ

ಇಲ್ಲಿಗೆ ನಮ್ಮ ಪ್ರಶ್ನೆಯ ಹೃದಯಕ್ಕೆ ಬಂದೆವು. ತುಳುನಾಡಿನಲ್ಲಿ ‘ಕೆಡ್ಡಸ’ ಎಂಬ ಮೂರು ದಿನಗಳ ಆಚರಣೆಯಿದೆ. ಆ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂಬ ನಂಬಿಕೆಯಿಂದ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯಲ್ಲಿ ಭೂಮಿಗೆ ಎಣ್ಣೆ ಅರ್ಪಿಸುತ್ತಾರೆ. ಮುಟ್ಟನ್ನು ಹಬ್ಬವಾಗಿಸಿ, ನೆಲಕ್ಕೂ ವಿಶ್ರಾಂತಿ ಬೇಕೆಂದು ಬಗೆದ ನಾಡು ನಮ್ಮದು. ಹುಡುಗಿ ಮೈನೆರೆದಾಗ ಎಳ್ಳುಂಡೆ, ಮೆಂತೆ, ತುಪ್ಪದ ತಿನಿಸುಗಳನ್ನು ಕೊಡುವ ರೂಢಿ ಉಂಟು. ಬಾಣಂತಿಗೆ ತಿಂಗಳುಗಟ್ಟಲೆ ಪ್ರತ್ಯೇಕ ಅಡುಗೆ ಉಂಟು. ಆದರೆ ಮುಟ್ಟು ನಿಂತ ಹೆಂಗಸಿಗೆ ಯಾವ ಉಂಡೆ? ಅವಳಿಗಾಗಿ ನಮ್ಮ ಅಡುಗೆಮನೆ ಏನನ್ನೂ ಹೊಂದಿಸಿಡಲಿಲ್ಲ.

ಇದಕ್ಕೆ ನಮ್ಮ ಹಿರಿಯರನ್ನು ದೂರಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಮೂವತ್ತು ಚಿಲ್ಲರೆ ವರ್ಷ. ಇಂದು ಅದು ಎಪ್ಪತ್ತರ ಸುತ್ತ ಇದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಅಂದರೆ ಹೆಂಗಸೊಬ್ಬಳು ತನ್ನ ಬಾಳಿನ ಮೂರನೆಯ ಒಂದು ಭಾಗವನ್ನು ಋತುಬಂಧದ ಅನಂತರ ಕಳೆಯುವುದು ಇಷ್ಟು ವ್ಯಾಪಕವಾದದ್ದು ಇತ್ತೀಚಿನ ಇತಿಹಾಸದಲ್ಲಿಯೇ.

ಋತುಬಂಧದ ಹೊತ್ತಿಗೆ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುವುದು ತೀರ ಕಡಿಮೆಯಾಗುತ್ತದೆ. ಮೈ ಬಿಸಿಯೇರುವುದು, ಬೆವರುವುದು, ನಿದ್ದೆಗೆಡುವುದು ಇವು ಹೊರಗೆ ಕಾಣುವ ಲಕ್ಷಣಗಳು. ಒಳಗೆ ಕಾಣದಂತೆ ನಡೆಯುವ ಬದಲಾವಣೆ ಇನ್ನೊಂದಿದೆ. ನಮ್ಮ ಮೂಳೆ ಸದಾ ಕರಗುತ್ತ, ಮತ್ತೆ ಕಟ್ಟುತ್ತ ಇರುವ ಜೀವಂತ ವಸ್ತು. ಈಸ್ಟ್ರೋಜನ್ ಈ ಕರಗುವಿಕೆಗೆ ಕಡಿವಾಣ ಹಾಕಿರುತ್ತದೆ. ಕಡಿವಾಣ ಸಡಿಲಾದ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲಿ ಋತುಬಂಧಕ್ಕೂ ಮೂಳೆ ಸವೆತಕ್ಕೂ ಇರುವ ಈ ನಂಟನ್ನು ವಿವರಿಸಿದರು. ಅಂಗಳದಲ್ಲಿ ಜಾರಿ ಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿದು, ಮತ್ತೆ ಏಳಲಾಗದೆ ಹಾಸಿಗೆ ಹಿಡಿದದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆ ಮೂಳೆ ಸವೆಯತೊಡಗಿದ್ದು ಇಪ್ಪತ್ತು ವರ್ಷ ಹಿಂದೆಯೇ.

ನಮ್ಮ ದೇಶದ ಪೋಷಣಾ ತಜ್ಞರ ಲೆಕ್ಕವೂ ಕಾಲಕಾಲಕ್ಕೆ ಬದಲಾಗಿದೆ. ವಯಸ್ಕ ಹೆಂಗಸಿಗೆ ದಿನಕ್ಕೆ 400 ಮಿ.ಗ್ರಾಂ ಕ್ಯಾಲ್ಸಿಯಂ ಸಾಕೆಂದು ಬಹುಕಾಲ ಹೇಳಲಾಗುತ್ತಿತ್ತು. 2010ರಲ್ಲಿ ಅದು 600 ಆಯಿತು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1000ಕ್ಕೆ ಏರಿಸಿ, ಋತುಬಂಧವಾದವರಿಗೆ 1200 ಎಂದಿತು. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸಿಗುವುದು ಸುಮಾರು 240 ಮಿ.ಗ್ರಾಂ. ಚಹಾದೊಳಗಿನ ಎರಡು ಚಮಚ ಹಾಲು ಎಲ್ಲಿ, ಈ 1200 ಎಲ್ಲಿ?

ಸರ್ಕಾರದ ಯೋಜನೆಗಳನ್ನೂ ನೋಡಿ. 2013ರ ಆಗಸ್ಟ್ 1ರಂದು ಆರಂಭವಾದ ‘ಕ್ಷೀರಭಾಗ್ಯ’ ಶಾಲಾ ಮಕ್ಕಳಿಗೆ ಹಾಲು ಕೊಟ್ಟಿತು. 2017ರ ‘ಮಾತೃಪೂರ್ಣ’ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟದ ಜತೆಗೆ ಹಾಲನ್ನೂ ಕೊಟ್ಟಿತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಮನೆಯ ಹಳೆಯ ರೂಢಿಯೇ ಇಲ್ಲಿಯೂ ಕಾಣುತ್ತದೆ: ಮಗುವಿಗುಂಟು, ಬಾಣಂತಿಗುಂಟು, ಐವತ್ತು ದಾಟಿದವಳಿಗಿಲ್ಲ.

ಹಾಲೊಂದೇ ಸಾಲದು

ಹಾಗೆಂದು ಹಾಲನ್ನು ಸಂಜೀವಿನಿ ಎಂದುಕೊಳ್ಳಬೇಡಿ. ಹಾಲು ಧಾರಾಳವಾಗಿ ಕುಡಿಯುವ ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬಹಳ ಹಾಲು ಕುಡಿಯುವ ಹೆಂಗಸರಲ್ಲಿ ಮೂಳೆ ಮುರಿತ ಕಡಿಮೆಯೇನೂ ಇರಲಿಲ್ಲ ಎಂದು ಅದು ತಿಳಿಸಿತು. ಇನ್ನೊಂದು ಕಡೆ, 2021ರಲ್ಲಿ ಆಸ್ಟ್ರೇಲಿಯದ 60 ವೃದ್ಧಾಶ್ರಮಗಳಿಂದ ಬಂದ ವರದಿಯಿದೆ. ಅಲ್ಲಿ ಹಾಲು, ಮೊಸರು, ಗಿಣ್ಣು ಕಡಿಮೆ ತಿನ್ನುತ್ತಿದ್ದ ವೃದ್ಧರಿಗೆ ಎರಡು ವರ್ಷ ಅವನ್ನು ಹೆಚ್ಚಾಗಿ ಬಡಿಸಿದಾಗ ಮೂಳೆ ಮುರಿತ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಈಗಾಗಲೇ ಸಾಕಷ್ಟು ಸಿಗುವವರಿಗೆ ಇನ್ನೂ ಹೆಚ್ಚಿನ ಹಾಲಿನಿಂದ ಲಾಭವಾಗದಿರಬಹುದು, ಕೊರತೆಯಿರುವವರಿಗೆ ಆ ಕೊರತೆ ತುಂಬಿದರೆ ಲಾಭವಿದೆ ಎಂದು ಇವೆರಡನ್ನೂ ಕೂಡಿಸಿ ಓದಬಹುದು. ನಮ್ಮ ಹಳ್ಳಿಯ ಅನೇಕ ತಾಯಂದಿರು ಎರಡನೆಯ ಸಾಲಿಗೆ ಸೇರಿದವರು.

ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರೂ ನಮ್ಮಲ್ಲಿ ಬಹಳ ಮಂದಿ. ಅಂಥವರಿಗೆ ಮೊಸರು, ಗಟ್ಟಿ ಮಜ್ಜಿಗೆ ಹೆಚ್ಚು ಒಗ್ಗುತ್ತದೆ. ಹಾಲು ಬೇಡವೆನ್ನುವವರಿಗೆ ರಾಗಿ, ಎಳ್ಳು, ನುಗ್ಗೆಸೊಪ್ಪು, ಸಣ್ಣ ಮೀನು ಇವೆ. ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ‘ಡಿ’ ಜೀವಸತ್ವ ಬೇಕು. ಅದನ್ನು ಬಿಸಿಲು ಬಿದ್ದ ಚರ್ಮ ತಯಾರಿಸುತ್ತದೆ. ದಿನವಿಡೀ ಜಗಲಿಯ ನೆರಳಲ್ಲಿ ಕುಳಿತು ಬೀಡಿ ಕಟ್ಟುವವರಿಗೆ ಸ್ವಲ್ಪ ಬಿಸಿಲೂ ನಡಿಗೆಯೂ ಔಷಧಿಯಿದ್ದಂತೆ. ಮೂಳೆ ನೋವು, ಗೂನು, ಮುರಿತ ಕಂಡುಬಂದರೆ ಮಾತ್ರೆಯನ್ನು ತಾವೇ ನಿರ್ಧರಿಸದೆ ವೈದ್ಯರನ್ನು ಕಾಣಬೇಕು.

ನಿಮ್ಮ ಮನೆಯ ಇತಿಹಾಸ

ಈ ಪಾಠ ಅಜ್ಜಿ, ಅಮ್ಮಂದಿರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮೂಳೆಯೆಂಬ ಉಳಿತಾಯ ಖಾತೆಗೆ ಹಣ ತುಂಬುವ ಕಾಲ ಮೂವತ್ತರ ಒಳಗಿನದು. ಅಂದರೆ ಈಗ ನಿಮ್ಮದೇ ಸರದಿ. ಹೆಣ್ಣುಮಕ್ಕಳು ತಮ್ಮ ಲೋಟವನ್ನು ಅಣ್ಣತಮ್ಮಂದಿರ ಕಡೆಗೆ ಸರಿಸದಿರಲಿ. ಗಂಡುಮಕ್ಕಳು ಅದನ್ನು ಸರಿಸಿ ಕೊಡಲು ಬಿಡದಿರಲಿ.

ಒಂದು ಸಣ್ಣ ಕೆಲಸ ಮಾಡಿ. ಒಂದು ವಾರ ನಿಮ್ಮ ಮನೆಗೆ ಬಂದ ಹಾಲು ಎಷ್ಟು, ಯಾರ ಲೋಟಕ್ಕೆ ಎಷ್ಟು ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜಿಯ ಬಳಿ ಕುಳಿತು, ಅವರ ಚಿಕ್ಕಂದಿನಲ್ಲಿ ಹಟ್ಟಿಯಲ್ಲಿ ಎಷ್ಟು ದನಗಳಿದ್ದವು, ಬೆಣ್ಣೆ ಎಲ್ಲಿಗೆ ಹೋಗುತ್ತಿತ್ತು, ತಾವು ಏನು ಉಣ್ಣುತ್ತಿದ್ದಿರಿ ಎಂದು ಕೇಳಿ. ಬುಕಾನನ್ ಈ ದಾರಿಯಲ್ಲಿ ಹಾದುಹೋದದ್ದು ಕಂದಾಯದ ಲೆಕ್ಕಕ್ಕಾಗಿ. ನೀವು ಬರೆಯುವುದು ಅವನ ಲೆಕ್ಕದಲ್ಲಿ ಸೇರದವರ ಚರಿತ್ರೆಯಾಗುತ್ತದೆ. ವಾರದ ಕೊನೆಗೆ ಅಮ್ಮನ ಹೆಸರಿನ ಮುಂದೆ ಸೊನ್ನೆ ಕಂಡರೆ, ಮರುದಿನ ಬೆಳಿಗ್ಗೆ ಹಾಲು ಸೊಸೈಟಿಗೆ ಹೊರಡುವ ಮೊದಲು ಒಂದು ಲೋಟವನ್ನು ಅವರಿಗಾಗಿ ನೀವೇ ಎತ್ತಿಡಿ.