ಒಂದು ಮುನ್ನುಡಿಯ ಚರಿತ್ರೆ: ಸ್ಪೇನರನ ‘ಪಿಯಾ ಡೆಸಿಡೇರಿಯಾ’

ಯೂರೋಪಿನ ಚಿಂತನೆಯನ್ನು ರೂಪಿಸಿದ ಕ್ರೈಸ್ತ ಗ್ರಂಥಗಳು ಯಾವುವೆಂದು ಕೇಳಿದರೆ ಅಗಸ್ಟೀನನ ‘ದೇವರ ನಗರ’, ಥಾಮಸ್ ಅಕ್ವಿನಾಸನ ‘ದೈವಶಾಸ್ತ್ರ ಸಂಗ್ರಹ’, ಕಾಲ್ವಿನನ ‘ಕ್ರೈಸ್ತಧರ್ಮದ ಮೂಲತತ್ವಗಳು’ ಎಂಬ ಹೆಸರುಗಳು ನಮಗೆ ಮೊದಲು ನೆನಪಾಗುತ್ತವೆ. ಅವೆಲ್ಲವೂ ಬೃಹದ್ಗ್ರಂಥಗಳು. ಆದರೆ ಬೇರೊಬ್ಬರ ಪುಸ್ತಕಕ್ಕೆ ಮುನ್ನುಡಿಯಾಗಿ ಹುಟ್ಟಿದ ಒಂದು ಕಿರುಹೊತ್ತಗೆಯೂ ಆ ಸಾಲಿನಲ್ಲಿ ನಿಲ್ಲಲು ಅರ್ಹವಾಗಿದೆ. ಫಿಲಿಪ್ ಯಾಕೋಬ್ ಸ್ಪೇನರನು 1675ರಲ್ಲಿ ಬರೆದ ‘ಪಿಯಾ ಡೆಸಿಡೇರಿಯಾ’ ಅದು. ಭಕ್ತಿಪೂರ್ಣ ಹಂಬಲಗಳು ಎಂಬುದು ಆ ಲ್ಯಾಟಿನ್ ಹೆಸರಿನ ಅರ್ಥ. ಬರಹ ಮಾತ್ರ ಜರ್ಮನ್ ಭಾಷೆಯದು. ಸಭೆಯ ಸೇವೆಗಾಗಿ ಸಿದ್ಧರಾಗುತ್ತಿರುವವರು ಇದರ ಚರಿತ್ರೆಯನ್ನು ಅರಿಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಅದು ಮಾತಾಡಿದ್ದು ಬಹುಪಾಲು ನಮ್ಮಂಥವರನ್ನೇ ಕುರಿತು.

ಸ್ಪೇನರನು 1635ರಲ್ಲಿ ಆಲ್ಸೇಸ್ ಪ್ರಾಂತದಲ್ಲಿ ಜನಿಸಿದನು. ಆಗ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1648ರಲ್ಲಿ ವೆಸ್ಟ್‌ಫೇಲಿಯಾದ ಒಪ್ಪಂದದೊಂದಿಗೆ ಯುದ್ಧ ಮುಗಿಯುವಷ್ಟರಲ್ಲಿ ಜರ್ಮನ್ ನಾಡಿನ ಎಷ್ಟೋ ಊರುಗಳು ಪಾಳುಬಿದ್ದಿದ್ದವು. ಲೂಥರನ್ ಸಭೆಯ ಸಿದ್ಧಾಂತವು ಸುಭದ್ರವಾಗಿತ್ತು. ವಿಶ್ವವಿದ್ಯಾಲಯಗಳಲ್ಲಿ ಅದರ ಪ್ರತಿಯೊಂದು ಅಂಶವನ್ನೂ ತರ್ಕದಿಂದ ಸಮರ್ಥಿಸುವ ಪಂಡಿತರಿದ್ದರು. ಆದರೆ ಪೀಠದಿಂದ ಕೇಳಿಬರುತ್ತಿದ್ದ ಪಾಂಡಿತ್ಯಕ್ಕೂ ಕೆಳಗೆ ಕುಳಿತಿದ್ದ ಜನರ ಬದುಕಿಗೂ ನಡುವೆ ಅಂತರ ಬೆಳೆದಿತ್ತು. 1666ರಲ್ಲಿ ಫ್ರಾಂಕ್‌ಫರ್ಟ್ ನಗರದ ಹಿರಿಯ ಸಭಾಪಾಲಕನಾದ ಸ್ಪೇನರನು ಈ ಅಂತರವನ್ನು ದಿನವೂ ಕಂಡನು. 1670ರಲ್ಲಿ ತನ್ನ ಮನೆಯಲ್ಲೇ ಕೆಲವರನ್ನು ಕೂಡಿಸಿ, ಭಕ್ತಿಗ್ರಂಥಗಳನ್ನೂ ದೇವವಾಕ್ಯವನ್ನೂ ಓದಿ ಮಾತಾಡುವ ಸಣ್ಣ ಕೂಟವನ್ನು ಪ್ರಾರಂಭಿಸಿದನು.

ಐದು ವರ್ಷಗಳ ತರುವಾಯ ಒಂದು ಅವಕಾಶ ಒದಗಿತು. ‘ನಿಜ ಕ್ರೈಸ್ತಧರ್ಮ’ ಎಂಬ ಪುಸ್ತಕದಿಂದ ಪ್ರಸಿದ್ಧನಾಗಿದ್ದ ಯೋಹಾನ್ ಆರ್ಂಟನ ಪ್ರಸಂಗಗಳನ್ನು ಮರುಮುದ್ರಿಸುತ್ತಿದ್ದ ಪ್ರಕಾಶಕನು ಸ್ಪೇನರನಿಂದ ಮುನ್ನುಡಿಯನ್ನು ಬಯಸಿದನು. ಓದುಗರು ಆ ಮುನ್ನುಡಿಯನ್ನೇ ಕೇಳತೊಡಗಿದ್ದರಿಂದ ಅದೇ ವರ್ಷ ಅದು ಪ್ರತ್ಯೇಕ ಪುಸ್ತಕವಾಗಿ ಹೊರಬಂದಿತು.

ಪುಸ್ತಕದ ರಚನೆಯು ವೈದ್ಯನ ಕ್ರಮದಂತಿದೆ: ಮೊದಲು ರೋಗದ ಪರೀಕ್ಷೆ, ಬಳಿಕ ಗುಣವಾಗುವ ಭರವಸೆ, ಕೊನೆಗೆ ಔಷಧ. ಅಧಿಕಾರಿಗಳು, ಸಭಾಪಾಲಕರು, ಜನಸಾಮಾನ್ಯರು ಎಂಬ ಮೂರು ವರ್ಗಗಳನ್ನೂ ಸ್ಪೇನರನು ಪರೀಕ್ಷಿಸುತ್ತಾನೆ. ತನ್ನ ವರ್ಗವಾದ ಸಭಾಪಾಲಕರಿಗೂ ವಿನಾಯಿತಿ ಕೊಡುವುದಿಲ್ಲ. ಭರವಸೆಗೆ ಆಧಾರವನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಕಾಣುತ್ತಾನೆ. ದೇವರು ತನ್ನ ಸಭೆಗೆ ಇನ್ನೂ ಒಳ್ಳೆಯ ದಿನಗಳನ್ನು ಇಟ್ಟಿದ್ದಾನೆ ಎಂಬುದು ಅವನ ನಂಬಿಕೆ. ಲೋಕಾಂತ್ಯವು ಸಮೀಪಿಸಿದೆ, ಇನ್ನು ಕೆಡುವುದಷ್ಟೇ ಉಳಿದಿದೆ ಎಂದು ಅನೇಕರು ನಿಟ್ಟುಸಿರಿಡುತ್ತಿದ್ದ ಕಾಲದಲ್ಲಿ ಈ ಮಾತು ಹೊಸದಾಗಿತ್ತು.

ಔಷಧವಾಗಿ ಅವನು ಆರು ಸಲಹೆಗಳನ್ನು ಕೊಟ್ಟನು. ಒಂದು, ಭಾನುವಾರಗಳಿಗೆ ನಿಗದಿಯಾದ ಪಾಠಗಳಿಂದ ಜನರು ಸತ್ಯವೇದದ ಅಲ್ಪಭಾಗವನ್ನು ಮಾತ್ರ ಕೇಳುತ್ತಾರೆ. ಇಡೀ ದೇವವಾಕ್ಯವು ಮನೆಗಳಲ್ಲಿಯೂ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಕಾಣುವಂಥ ಕೂಟಗಳಲ್ಲಿಯೂ ಓದಲ್ಪಡಬೇಕು. ಎರಡು, ಎಲ್ಲ ವಿಶ್ವಾಸಿಗಳೂ ಯಾಜಕರೆಂಬ ಲೂಥರನ ಬೋಧನೆಯು ಆಚರಣೆಗೆ ಬರಬೇಕು. ಮೂರು, ಕ್ರೈಸ್ತಧರ್ಮವು ಅರಿವಿನಲ್ಲಿ ನಿಲ್ಲದೆ ನಡೆಯಲ್ಲಿ, ವಿಶೇಷವಾಗಿ ಪ್ರೀತಿಯಲ್ಲಿ ಕಾಣಬೇಕು. ನಾಲ್ಕು, ಅವಿಶ್ವಾಸಿಗಳೊಂದಿಗೂ ಭಿನ್ನಮತದವರೊಂದಿಗೂ ವಾದಿಸುವಾಗ ಪ್ರಾರ್ಥನೆ, ಸಜ್ಜನಿಕೆ, ಪ್ರೀತಿಗಳೇ ಮುಂದಿರಬೇಕು. ಐದು, ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ವಿದ್ಯೆಯಷ್ಟೇ ಜೀವನಶುದ್ಧಿಯೂ ಮುಖ್ಯವಾಗಬೇಕು. ಆರು, ಪ್ರಸಂಗವು ಪಾಂಡಿತ್ಯದ ಪ್ರದರ್ಶನವಾಗದೆ ಕೇಳುವವರ ಭಕ್ತಿಯನ್ನು ಬೆಳೆಸಬೇಕು.

ಐದನೆಯ ಸಲಹೆಯ ವಿವರಗಳು ಇಂದಿಗೂ ನಮ್ಮನ್ನು ಕುಟುಕುತ್ತವೆ. ಅಧ್ಯಾಪಕರು ತಾವೇ ಮಾದರಿಯಾಗಿರಬೇಕು. ವಿದ್ಯಾರ್ಥಿಯು ತನ್ನ ವಿದ್ಯೆಯ ಜೊತೆಗೆ ನಡತೆಯ ಕುರಿತೂ ಸಾಕ್ಷಿಪತ್ರ ತರಬೇಕು. ತೌಲರ್ ಮೊದಲಾದವರ ಸರಳ ಭಕ್ತಿಗ್ರಂಥಗಳನ್ನು ಓದಬೇಕು. ತಿಳಿಯದವರಿಗೆ ಬೋಧಿಸುವುದನ್ನೂ ರೋಗಿಗಳನ್ನು ಸಂತೈಸುವುದನ್ನೂ ಓದುವ ದಿನಗಳಲ್ಲೇ ಅಭ್ಯಾಸಮಾಡಬೇಕು. ಸ್ಪೇನರನು ವಿದ್ಯೆಯ ವೈರಿಯಲ್ಲ. ಅವನು ಆಕ್ಷೇಪಿಸಿದ್ದು ಹೃದಯವನ್ನು ಮುಟ್ಟದ ವಿದ್ಯೆಯನ್ನು.

ಪುಸ್ತಕವು ಮೆಚ್ಚುಗೆಯನ್ನೂ ವಿರೋಧವನ್ನೂ ಗಳಿಸಿತು. ಸ್ಪೇನರನ ಅನುಯಾಯಿಗಳಿಗೆ ‘ಪಯಟಿಸ್ಟ್’, ಅಂದರೆ ಭಕ್ತಿವಾದಿ, ಎಂಬ ಅಣಕದ ಹೆಸರು ಅಂಟಿಕೊಂಡಿತು. 1695ರಲ್ಲಿ ವಿಟನ್‌ಬರ್ಗಿನ ದೈವಶಾಸ್ತ್ರ ವಿಭಾಗವು ಅವನ ಬರಹಗಳಲ್ಲಿ 200ಕ್ಕೂ ಹೆಚ್ಚು ತಪ್ಪುಗಳನ್ನು ಪಟ್ಟಿಮಾಡಿತು. ಇತ್ತ ಫ್ರಾಂಕ್‌ಫರ್ಟಿನ ಕೂಟದ ಕೆಲವರು ಸಭೆಯು ಅಶುದ್ಧವೆಂದು ಅದರಿಂದಲೇ ದೂರವಾದರು. ಸಭೆಯೊಳಗೇ ಇದ್ದು ಸಭೆಯನ್ನು ಎಬ್ಬಿಸಬೇಕೆಂದಿದ್ದ ಸ್ಪೇನರನಿಗೆ ಇದು ವೈರಿಗಳ ದೂಷಣೆಗಿಂತ ದೊಡ್ಡ ನೋವಾಗಿದ್ದಿರಬೇಕು.

ಆದರೂ ಫಲವು ದೂರದೂರಕ್ಕೆ ಹರಡಿತು. ಔಗುಸ್ಟ್ ಹೆರ್ಮಾನ್ ಫ್ರಾಂಕೆಯು ಹಾಲೆ ನಗರದಲ್ಲಿ ಬಡಮಕ್ಕಳ ಶಾಲೆ, ಅನಾಥಾಲಯ, ಔಷಧಾಲಯ, ಮುದ್ರಣಾಲಯಗಳನ್ನು ಕಟ್ಟಿದನು. ಅವನು 1727ರಲ್ಲಿ ತೀರಿಕೊಂಡಾಗ ಅಲ್ಲಿನ ಶಾಲೆಗಳಲ್ಲಿ 2,000ಕ್ಕೂ ಹೆಚ್ಚು ಮಕ್ಕಳಿದ್ದರು. 1710ರಲ್ಲಿ ಅಲ್ಲೇ ಸ್ಥಾಪಿತವಾದ ಕಾನ್‌ಸ್ಟೈನ್ ಸಂಸ್ಥೆಯು ಸತ್ಯವೇದವನ್ನು ಬಡವರ ಕೈಗೆಟುಕುವ ಬೆಲೆಗೆ ಮುದ್ರಿಸಿತು. ಹಾಲೆಯಲ್ಲಿ ಕಲಿತ ಸೀಗನ್‌ಬಾಲ್ಗನು ಪ್ಲೂಟ್ಶೌನೊಂದಿಗೆ 1706ರಲ್ಲಿ ತರಂಗಂಬಾಡಿಗೆ ಬಂದಿಳಿದನು. ಸ್ಪೇನರನ ಧರ್ಮಪುತ್ರನಾದ ಸಿನ್ಸೆಂಡಾರ್ಫನ ಹೆರ್ನ್‌ಹೂಟಿನಿಂದ ಮೊರೇವಿಯನ್ ಪ್ರೇಷಿತರು ಲೋಕದ ಮೂಲೆಗಳಿಗೆ ಹೊರಟರು. ಜಾನ್ ವೆಸ್ಲಿಯು ಅವರಿಂದ ಬಹಳ ಕಲಿತನು. ತತ್ವಶಾಸ್ತ್ರದಲ್ಲಿಯೂ ಇದರ ಗುರುತುಗಳಿವೆ. ಇಮ್ಯಾನುಯೆಲ್ ಕಾಂಟನ ತಂದೆತಾಯಿಗಳು ಭಕ್ತಿವಾದಿಗಳು; ಶ್ಲೈಯರ್‌ಮಾಕರನು ಮೊರೇವಿಯನ್ನರ ಶಾಲೆಗಳಲ್ಲಿ ಬೆಳೆದವನು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಕೇವಲ ಪ್ರಶಸ್ತಿಪತ್ರವಾದೀತು. ಚರಿತ್ರೆಯು ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಹಾಲೆಯ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ವೋಲ್ಫ್ ಎಂಬ ತತ್ವಜ್ಞಾನಿಯಿದ್ದನು. ದೈವಪ್ರಕಟನೆಯ ನೆರವಿಲ್ಲದೆಯೇ ಚೀನೀಯರು ಉನ್ನತ ನೀತಿಯನ್ನು ಕಂಡುಕೊಂಡರೆಂದು ಅವನು 1721ರಲ್ಲಿ ಕನ್‌ಫ್ಯೂಷಿಯಸನನ್ನು ಹೊಗಳಿ ಭಾಷಣಮಾಡಿದನು. ಫ್ರಾಂಕೆ, ಯೋಆಕಿಮ್ ಲಾಂಗೆ ಮೊದಲಾದ ಭಕ್ತಿವಾದಿ ದೈವಶಾಸ್ತ್ರಜ್ಞರು ಇದನ್ನು ಅಪಾಯವೆಂದು ಬಗೆದರು. ವಾದವು ಗ್ರಂಥಗಳಲ್ಲಿ ಮುಗಿಯಲಿಲ್ಲ. ದೂರು ಅರಮನೆಯನ್ನು ತಲುಪಿತು. ವೋಲ್ಫನ ಸಿದ್ಧಾಂತವನ್ನು ಒಪ್ಪಿದರೆ ಸೇನೆಯನ್ನು ಬಿಟ್ಟೋಡಿದ ಸೈನಿಕನನ್ನೂ ಶಿಕ್ಷಿಸಲಾಗದು ಎಂದು ಯಾರೋ ದೊರೆಯ ಕಿವಿಗೆ ಹಾಕಿದರೆಂದು ಹೇಳಲಾಗುತ್ತದೆ. 1723ರ ನವೆಂಬರಿನಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ವಿಲಿಯಮನು 48 ಗಂಟೆಗಳೊಳಗೆ ದೇಶಬಿಡಬೇಕು, ಇಲ್ಲವಾದರೆ ಗಲ್ಲು ಎಂದು ವೋಲ್ಫನಿಗೆ ಆಜ್ಞೆಯಿತ್ತನು. ಅವನು ಮಾರ್‌ಬರ್ಗಿಗೆ ಹೋಗಿ ಇನ್ನಷ್ಟು ಪ್ರಸಿದ್ಧನಾದನು. 1740ರಲ್ಲಿ ಹೊಸ ದೊರೆಯ ಕರೆಯ ಮೇರೆಗೆ ಗೌರವದಿಂದ ಮರಳಿದನು.

ವೋಲ್ಫನ ಮಾತೆಲ್ಲವೂ ಸರಿಯಿತ್ತೆಂದು ನಾವು ಹೇಳುತ್ತಿಲ್ಲ. ಅವನನ್ನು ದೈವಶಾಸ್ತ್ರಜ್ಞರು ವಿಮರ್ಶಿಸಿದ್ದೂ ತಪ್ಪಲ್ಲ. ಆದರೆ ಆರು ಸಲಹೆಗಳ ಪೈಕಿ ಐದನ್ನು ಅಷ್ಟು ಶ್ರದ್ಧೆಯಿಂದ ಕೈಗೊಂಡವರು ನಾಲ್ಕನೆಯದನ್ನು ರಾಜಾಜ್ಞೆಯ ಕೈಗೆ ಒಪ್ಪಿಸಿಬಿಟ್ಟರು. ಅನಾಥರಿಗೆ ಅನ್ನವಿಟ್ಟ ಕೈಗಳೇ ಎದುರಾಳಿಯನ್ನು ಹೊರದಬ್ಬಲು ನೆರವಾದವು. ಒಂದು ಪುಸ್ತಕವು ಚರಿತ್ರೆಯನ್ನು ರೂಪಿಸುತ್ತದೆಂದಾಗ, ಅದರ ಓದುಗರು ಉಳಿಸಿಕೊಂಡ ಪುಟಗಳೊಂದಿಗೆ ಅವರು ಮರೆತ ಪುಟಗಳೂ ಚರಿತ್ರೆಯಾಗುತ್ತವೆಂದು ನಾವು ಅರಿಯಬೇಕು.

ಈ ಪರಂಪರೆಯು ಕನ್ನಡನಾಡಿಗೂ ಬಂದಿದೆ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಜೀವಕೊಟ್ಟದ್ದು ವುರ್ಟೆಂಬರ್ಗ್ ಮತ್ತು ಬಾಸೆಲಿನ ಭಕ್ತಿವಾದ. ಅದರ ಪ್ರೇಷಿತರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಸುವಾರ್ತೆಯನ್ನು ಸಾರಲೆಂದೇ ಬಂದವರು. ಇಲ್ಲಿನ ಮತಗಳ ಕುರಿತು ಕಟುವಾಗಿ ಬರೆದವರೂ ಅವರಲ್ಲಿದ್ದರು. ಆದರೂ ವುರ್ಟೆಂಬರ್ಗಿನ ಹೆರ್ಮಾನ್ ಮೋಗ್ಲಿಂಗನು ‘ಬಸವಪುರಾಣ’, ‘ಜೈಮಿನಿ ಭಾರತ’, ದಾಸರ ಪದಗಳನ್ನು ಅಚ್ಚಿಗೆ ತಂದನು. ಫರ್ಡಿನೆಂಡ್ ಕಿಟೆಲನು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ, 1894ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದನು. ನೆರೆಯವನ ಗ್ರಂಥವನ್ನು ಓದಿ ತಿಳಿಯುವ ತಾಳ್ಮೆಯಲ್ಲಿ ಸ್ಪೇನರನ ನಾಲ್ಕನೆಯ ಸಲಹೆಯು ಮತ್ತೆ ಜೀವತಾಳಿತೆಂದು ನಮಗೆ ತೋರುತ್ತದೆ.

ಸೆಮಿನರಿಯಲ್ಲಿ ಕಲಿಯುವವರೂ ಕಲಿಸುವವರೂ ಆದ ನಾವು ಸ್ಪೇನರನ ಐದನೆಯ ಸಲಹೆಯನ್ನು ಮೆಚ್ಚುವುದು ಸುಲಭ. ಅದು ನಮ್ಮ ಭಕ್ತಿಯನ್ನು ಕುರಿತದ್ದು. ನಾಲ್ಕನೆಯದು ನಾವು ಒಪ್ಪದವರ ಮುಂದೆ ನಮ್ಮ ನಡತೆಯನ್ನು ಕುರಿತದ್ದು. ಅವನು ಇವೆರಡನ್ನೂ ಒಂದೇ ಪಟ್ಟಿಯಲ್ಲಿ, ಒಂದರ ಪಕ್ಕದಲ್ಲಿ ಒಂದನ್ನು ಇಟ್ಟನು. ಅವುಗಳನ್ನು ಬೇರ್ಪಡಿಸದೆ ಓದುವುದು ನಮ್ಮ ಹೊಣೆ.