ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಪಹಣಿ ತಿದ್ದಬಹುದೇ?

"ಸರ್ವೆ ನಂಬರ್ ಯಾರಿಗೂ ಹೇಳಬೇಡಿ, ಮೊಬೈಲ್‌ನಲ್ಲೇ ಪಹಣಿ ಬದಲಾಯಿಸುತ್ತಾರೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಮದ್ದೂರು ತಾಲೂಕಿನ ಬೆಸಗರಹಳ್ಳಿಯಲ್ಲಿ ಜಮೀನಿದ್ದು, ಬೆಂಗಳೂರಿನಲ್ಲಿ ದುಡಿಯುವವರಿಗೆ ಇದು ನಿದ್ದೆ ಕೆಡಿಸುವ ವಿಷಯ. ನಿಜ ಏನೆಂದು ನೋಡೋಣ.

ನೋಡುವುದು ಬೇರೆ, ತಿದ್ದುವುದು ಬೇರೆ

ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದ್ದು 'ಭೂಮಿ' ಯೋಜನೆ. ಹೋಬಳಿ, ಗ್ರಾಮ, ಸರ್ವೆ ನಂಬರ್ ಗೊತ್ತಿದ್ದವರು ಪಹಣಿ ವಿವರ ನೋಡಬಹುದು. ಆದರೆ ತಿದ್ದಲು ಕಂದಾಯ ಇಲಾಖೆಯ ಅಧಿಕೃತ ಸಿಬ್ಬಂದಿಯೇ ಲಾಗಿನ್ ಆಗಬೇಕು. ಅದಕ್ಕಾಗಿ ಭೂಮಿಯಲ್ಲಿ ಬೆರಳಚ್ಚಿನ ಲಾಗಿನ್ ತರಲಾಯಿತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಟ್ಟು ಕಳಿಸಲಾಗದು. "ಮಾಡಿದ್ದು ನಾನಲ್ಲ" ಎಂದು ಅಧಿಕಾರಿ ಜಾರಿಕೊಳ್ಳುವುದೂ ಕಷ್ಟ.

ಸರ್ವರ್ ಬಾಗಿಲು ಕಾಯುವುದು ಹೇಗೆ?

ಯಾವುದೇ ಸರ್ವರ್‌ಗೂ ದೂರದಿಂದ ಲಾಗಿನ್ ಆಗುವವರನ್ನು ಹೀಗೆಯೇ ನಿಯಂತ್ರಿಸುತ್ತಾರೆ. ಲಿನಕ್ಸ್ ಸರ್ವರ್‌ಗಳ ಎಸ್‌ಎಸ್‌ಎಚ್ ವ್ಯವಸ್ಥೆಯಲ್ಲಿ 'ಅಲೋ ಯೂಸರ್ಸ್' ಎಂಬ ಸಾಲಿದೆ. ಅದರಲ್ಲಿ ಹೆಸರುಗಳನ್ನು ಬರೆದರೆ, ಪಟ್ಟಿಯಲ್ಲಿ ಇಲ್ಲದವರಿಗೆ ಸರಿಯಾದ ಪಾಸ್‌ವರ್ಡ್ ಗೊತ್ತಿದ್ದರೂ ಪ್ರವೇಶವಿಲ್ಲ. ಎಲ್ಲ ಅಧಿಕಾರವಿರುವ 'ರೂಟ್' ಖಾತೆಗೆ ದೂರದ ಲಾಗಿನ್ ಮುಚ್ಚುವುದು ಒಳ್ಳೆಯ ಪದ್ಧತಿ. ಮದುವೆ ಮನೆಗೆ ಯಾರು ಬೇಕಾದರೂ ಬರಬಹುದು, ಬೀರುವಿನ ಬೀಗದ ಕೈ ಇಬ್ಬರ ಹತ್ತಿರ ಮಾತ್ರ ಇರುತ್ತದಲ್ಲ, ಹಾಗೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಪಟ್ಟಿಯಲ್ಲಿ ಇರುವವರೇ ತಪ್ಪು ಮಾಡಿದರೆ, ಸುಳ್ಳು ದಾಖಲೆ ಕೊಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಿದರೆ ಬೀಗ ಕಾಪಾಡದು. ಬೆರಳಚ್ಚೂ ಕದಿಯಲಾಗದ ವಸ್ತುವಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಬಳಸಿ, ಆಧಾರ್ ಮೂಲಕ ಬ್ಯಾಂಕ್ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದವು.

ನೀವು ಮಾಡಬೇಕಾದದ್ದು

• ಆಗಾಗ ನಿಮ್ಮ ಪಹಣಿ ನೋಡಿ. ಹೆಸರು, ವಿಸ್ತೀರ್ಣ ಬದಲಾಗಿದ್ದರೆ ತಡಮಾಡದೆ ತಾಲೂಕು ಕಚೇರಿಗೆ ಲಿಖಿತ ದೂರು ಕೊಡಿ.
• ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ.
• "ಪಹಣಿ ಸರಿಮಾಡುತ್ತೇವೆ" ಎಂದು ಫೋನ್‌ನಲ್ಲಿ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿದರೆ ಒಪ್ಪಬೇಡಿ. ಅದು ನಿಮ್ಮ ಫೋನ್‌ಗೇ ದೂರದ ಲಾಗಿನ್. ರಿಸರ್ವ್ ಬ್ಯಾಂಕ್ 2019ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ.
• ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಸರ್ವೆ ನಂಬರ್ ಗೊತ್ತಾದ ಮಾತ್ರಕ್ಕೆ ಪಹಣಿ ತಿದ್ದಲಾಗದು. ಆ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಊರಿನ ಗ್ರೂಪ್‌ಗೆ ಕಳಿಸಲೇಬೇಕಿದ್ದರೆ 1930 ನಂಬರ್ ಕಳಿಸಿ.