ಅಂತರದೇಶೀಯ ದತ್ತು: ಭಾರತದಲ್ಲಿ ಅದರ ಕಾನೂನು ಮತ್ತು ಕ್ರಮದ ಇತಿಹಾಸ

ಒಂದು ದೇಶದಲ್ಲಿ ಹುಟ್ಟಿದ ಮಗುವನ್ನು ಇನ್ನೊಂದು ದೇಶದಲ್ಲಿ ನೆಲೆಸಿದ ದಂಪತಿ ಅಥವಾ ಒಂಟಿ ವ್ಯಕ್ತಿ ಕಾನೂನಿನ ಪ್ರಕಾರ ತಮ್ಮ ಮಗುವನ್ನಾಗಿ ಪಡೆಯುವುದೇ ಅಂತರದೇಶೀಯ ದತ್ತು. ಭಾರತದಿಂದ ಹೀಗೆ ಹೊರಹೋಗುವ ಮಗು ಹಲವು ಕಚೇರಿಗಳ ಕಡತಗಳನ್ನು ದಾಟಬೇಕು. ಈ ದಾರಿ ತೀರಾ ಉದ್ದವೆಂಬ ದೂರು ಹಳೆಯದು. ಆದರೆ ಅದರ ಇತಿಹಾಸವನ್ನು ನೋಡಿದರೆ, ಮುಖ್ಯ ಹಂತಗಳೆಲ್ಲ ಎಲ್ಲೋ ಅನ್ಯಾಯ ನಡೆದು ಬಯಲಾದ ಮೇಲೆ ಸೇರಿಕೊಂಡವು ಎಂಬುದು ತಿಳಿಯುತ್ತದೆ. ಇದಕ್ಕಿಂತ ಗಂಭೀರವಾದ ಕೊರತೆ ಬೇರೊಂದಿದೆ. ನಾಲ್ಕು ದಶಕಗಳ ಸುಧಾರಣೆಯ ಹೆಚ್ಚಿನ ಶ್ರಮ ಮಗುವನ್ನು ಪಡೆಯುವ ಮನೆಯನ್ನು ಪರೀಕ್ಷಿಸುವುದಕ್ಕೆ ಹೋಯಿತು. ಮಗು ಹೆತ್ತ ಮನೆಯಿಂದ ಹೇಗೆ ಬೇರೆಯಾಯಿತು ಎಂಬ ಪ್ರಶ್ನೆಗೆ ಅಷ್ಟು ಕಟ್ಟುನಿಟ್ಟಿನ ಉತ್ತರವನ್ನು ಯಾರೂ ಕೇಳಲಿಲ್ಲ.

ಭಾರತಕ್ಕೆ ದತ್ತು ಹೊಸದಲ್ಲ, ಆದರೆ ಹಳೆಯ ದತ್ತಕದ ಉದ್ದೇಶವೇ ಬೇರೆ. ವಂಶ ಮುಂದುವರಿಯಲು, ಪಿಂಡ ಹಾಕಲು, ಆಸ್ತಿ ಕೈತಪ್ಪದಿರಲು ಗಂಡುಮಗುವನ್ನು, ಸಾಮಾನ್ಯವಾಗಿ ಬಂಧುಬಳಗದಿಂದಲೇ ತೆಗೆದುಕೊಳ್ಳುತ್ತಿದ್ದರು. ಕೊಡುವ ತಂದೆತಾಯಿ ಎದುರಿಗೇ ಇರುತ್ತಿದ್ದರು, ಅವರ ಕೈಯಿಂದಲೇ ಮಗು ದಾಟುತ್ತಿತ್ತು. ಇಂಥ ದತ್ತನ್ನು ಒಪ್ಪುವುದು ಬಿಡುವುದು ಅಧಿಕಾರದ ಪ್ರಶ್ನೆಯೂ ಹೌದೆಂದು ಕನ್ನಡ ನಾಡು ಬೇಗ ಕಂಡಿತು. 1824ರಲ್ಲಿ ಕಿತ್ತೂರಿನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ, ರಾಣಿ ಚೆನ್ನಮ್ಮ ಯುದ್ಧಕ್ಕಿಳಿಯಬೇಕಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಪಡೆದ ದತ್ತಿಗೆ ಬ್ರಿಟಿಷರ ಒಪ್ಪಿಗೆ ಸಿಕ್ಕಿದ್ದು 1867ರಲ್ಲಿ. ಸ್ವಾತಂತ್ರ್ಯಾನಂತರ ಬಂದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಕ್ಕಳ ದತ್ತಿಗೂ ಅವಕಾಶ ಕೊಟ್ಟಿತಾದರೂ ಹಿಂದೂ, ಬೌದ್ಧ, ಜೈನ, ಸಿಖ್ಖರ ಆಚೆಗೆ ಚಾಚಲಿಲ್ಲ. ಎಲ್ಲ ಧರ್ಮದವರಿಗೂ ಅನ್ವಯವಾಗುವ ದತ್ತು ಮಸೂದೆಯೊಂದು 1972ರಲ್ಲಿ ಸಂಸತ್ತಿಗೆ ಬಂದರೂ ವಿರೋಧದಿಂದಾಗಿ ಕಾಯ್ದೆಯಾಗಲಿಲ್ಲ. ಹೀಗಾಗಿ ವಿದೇಶಿಯರಿಗೆ ಉಳಿದದ್ದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಮಾತ್ರ. ಅದರಡಿ ಇಲ್ಲಿನ ನ್ಯಾಯಾಲಯದಿಂದ ಪೋಷಕತ್ವ ಪಡೆದು, ಮಗುವನ್ನು ಕರೆದೊಯ್ದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳಬೇಕಿತ್ತು. ವಿಮಾನ ಹತ್ತುವಾಗ ಆ ಮಗು ಕಾನೂನಿನ ಕಣ್ಣಿಗೆ ಇನ್ನೂ ಅವರ ಮಗುವಾಗಿರಲಿಲ್ಲ.

ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ದಕ್ಷಿಣ ಕೊರಿಯಾ ಒಂದರಿಂದಲೇ ಸುಮಾರು ಎರಡು ಲಕ್ಷ ಮಕ್ಕಳು ಪಶ್ಚಿಮದ ಮನೆಗಳಿಗೆ ಹೋದರು. ಸ್ಕ್ಯಾಂಡಿನೇವಿಯಾ, ಅಮೆರಿಕ, ಸ್ವಿಟ್ಜರ್ಲೆಂಡ್‌ಗಳ ದಂಪತಿಗಳು 1970ರ ದಶಕದಲ್ಲಿ ಭಾರತದ ಅನಾಥಾಲಯಗಳತ್ತಲೂ ತಿರುಗಿದರು. ಮಗುವಿಗಾಗಿ ಕಾಯುವವರು ಹೆಚ್ಚಿ, ಕೊಡುವ ಸಂಸ್ಥೆಗಳಿಗೆ ಹೊರಗಿನ ಹಣ ಹರಿದಲ್ಲಿ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ, ಇಲ್ಲೂ ಹುಟ್ಟಿಕೊಂಡರು. ಈ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ಎತ್ತಿಕೊಂಡಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ನೀಡಿದ ತೀರ್ಪು ಕಾಯ್ದೆಯಿಲ್ಲದ ಜಾಗದಲ್ಲಿ ಕಾಯ್ದೆಯಂತೆಯೇ ಕೆಲಸ ಮಾಡಿತು. ಮೊದಲ ಹಕ್ಕು ಭಾರತೀಯ ಕುಟುಂಬಗಳದ್ದು. ವಿದೇಶಿ ದಂಪತಿ ತಮ್ಮ ದೇಶದ ಮಾನ್ಯ ಸಂಸ್ಥೆಯ ಮೂಲಕವೇ ಬರಬೇಕು, ಅಲ್ಲಿನ ಸಮಾಜ ಕಾರ್ಯಕರ್ತರು ಅವರ ಮನೆ, ವರಮಾನ, ಆರೋಗ್ಯಗಳನ್ನು ಕುರಿತು ವರದಿ ಕೊಡಬೇಕು. ಮಗುವನ್ನು ಒಪ್ಪಿಸುವ ತಾಯಿಯ ಮೇಲೆ ಒತ್ತಡ ಹೇರಬಾರದು, ಹೆರಿಗೆಗೆ ಮುಂಚೆ ಅಥವಾ ಹೆರಿಗೆಯಾದ ಮೂರು ತಿಂಗಳೊಳಗೆ ಆಕೆಯಿಂದ ತೀರ್ಮಾನ ಪಡೆಯಬಾರದು. ಇವೆಲ್ಲಕ್ಕಿಂತ ದೂರದೃಷ್ಟಿಯದೆಂದು ನನಗೆ ಕಾಣುವುದು ಇನ್ನೊಂದು ಏರ್ಪಾಡು. ಮಗುವನ್ನು ಕೊಡುವ ಸಂಸ್ಥೆಗೂ ಆದೇಶ ನೀಡುವ ನ್ಯಾಯಾಧೀಶರಿಗೂ ನಡುವೆ, ದತ್ತಿನಲ್ಲಿ ಯಾವ ಲಾಭವೂ ಇಲ್ಲದ ಸ್ವತಂತ್ರ ಪರಿಶೀಲನಾ ಸಂಸ್ಥೆಯೊಂದು ಕಡತವನ್ನು ಓದಬೇಕೆಂದು ತೀರ್ಪು ವಿಧಿಸಿತು.

ತೀರ್ಪಿನ ಆಶಯದಂತೆ 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಸಂಸ್ಥೆ, ಅಂದರೆ ಕಾರಾ, ಸ್ಥಾಪನೆಯಾಯಿತು. ಅಂತರದೇಶೀಯ ದತ್ತನ್ನು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ಬಾಲನ್ಯಾಯ ಕಾಯ್ದೆ 2000ದಲ್ಲಿ ದತ್ತಿಗೆ ಧರ್ಮಾತೀತ ನೆಲೆ ಒದಗಿಸಿತು, 2015ರ ಹೊಸ ಕಾಯ್ದೆ ಕಾರಾಗೆ ಶಾಸನಬದ್ಧ ಅಧಿಕಾರ ಕೊಟ್ಟಿತು. ಈಗಿನ ಕ್ರಮದಲ್ಲಿ, ಸಿಕ್ಕ ಅಥವಾ ಒಪ್ಪಿಸಲ್ಪಟ್ಟ ಮಗು ಮೊದಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಸಿಕ್ಕ ಮಗುವಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹೆತ್ತವರನ್ನು ಹುಡುಕಬೇಕು, ಎರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಎರಡು ತಿಂಗಳಲ್ಲಿ, ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಸಮಿತಿ ಅದನ್ನು ದತ್ತಿಗೆ ಮುಕ್ತವೆಂದು ಘೋಷಿಸಬೇಕು. ಅದಾಗಿ ಅರವತ್ತು ದಿನಗಳಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಕುಟುಂಬ ಸಿಗದಿದ್ದರೆ ಮಾತ್ರ ಮಗು ವಿದೇಶಿಯರಿಗೆ ಲಭ್ಯ. ಅಂಗವೈಕಲ್ಯವಿರುವ ಮಕ್ಕಳು, ಒಡಹುಟ್ಟಿದವರು, ಐದು ವರ್ಷ ಮೀರಿದವರಿಗೆ ಹೊರದೇಶದ ದತ್ತಿನಲ್ಲಿ ಆದ್ಯತೆ ಕೊಡಬಹುದು. ಅತ್ತ ವಿದೇಶದ ದಂಪತಿ ತಮ್ಮ ದೇಶದ ಅಧಿಕೃತ ಸಂಸ್ಥೆಯ ಮೂಲಕ ಗೃಹ ಅಧ್ಯಯನ ವರದಿ ಸಲ್ಲಿಸುತ್ತಾರೆ, ಮಗುವಿನ ವರದಿಯನ್ನೂ ವೈದ್ಯಕೀಯ ವಿವರವನ್ನೂ ಓದಿ ಒಪ್ಪುತ್ತಾರೆ. ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲೆಯ ದತ್ತು ಆದೇಶ, ಹೇಗ್ ಒಪ್ಪಂದದ ಅನುಸರಣಾ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಒಂದರ ಹಿಂದೊಂದು ಬರುತ್ತವೆ. ಮಗು ಹೋದ ಮೇಲೂ ಎರಡು ವರ್ಷ ಪ್ರಗತಿ ವರದಿ ಬರುತ್ತಿರಬೇಕು. 2024-25ರಲ್ಲಿ ದೇಶದಲ್ಲಿ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ. ಸ್ವದೇಶಕ್ಕೆ ಮೊದಲ ಆದ್ಯತೆಯೆಂಬ 1984ರ ತತ್ವ ಇಷ್ಟರಮಟ್ಟಿಗೆ ಗೆದ್ದಿದೆ.

ಇಷ್ಟು ಹಂತಗಳಿದ್ದೂ ಮೋಸ ನುಸುಳಿದ್ದೆಲ್ಲಿ? 1999 ಮತ್ತು 2001ರಲ್ಲಿ ಆಂಧ್ರಪ್ರದೇಶದಲ್ಲಿ ಬಯಲಾದ ಹಗರಣಗಳು ಉತ್ತರ ಹೇಳುತ್ತವೆ. ನಮ್ಮ ಕಡೆ ಲಂಬಾಣಿಗಳೆಂದು ಕರೆಯುವ ಲಂಬಾಡಾ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಪಡೆದು, ಅನಾಥಾಲಯಗಳ ಮೂಲಕ ಹೊರಗೆ ಕಳಿಸುವ ಜಾಲ ಅಲ್ಲಿತ್ತು. ಪಡೆದ ದಂಪತಿಗಳ ಗೃಹ ವರದಿಯಲ್ಲಿ ಯಾವ ದೋಷವೂ ಇರಬೇಕಾಗಿರಲಿಲ್ಲ. ಸುಳ್ಳು ಸೇರಿದ್ದು ಕಡತದ ಮೊದಲ ಪುಟದಲ್ಲಿ, ಮುಂದಿನ ಪ್ರತಿ ಕಚೇರಿಯೂ ಆ ಪುಟವನ್ನು ನಿಜವೆಂದು ನಂಬಿ ಮೊಹರು ಒತ್ತಿತು. ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗ 2025ರಲ್ಲಿ ಕಂಡುಕೊಂಡದ್ದೂ ಇದನ್ನೇ: ಹೆತ್ತವರು ಬದುಕಿದ್ದಾಗಲೇ ಮಕ್ಕಳನ್ನು ಅನಾಥರೆಂದು ದಾಖಲಿಸಲಾಗಿತ್ತು. ಕಾಗದ ಹೆಚ್ಚಿದಷ್ಟೂ ಭದ್ರತೆ ಹೆಚ್ಚುತ್ತದೆಂಬ ನಂಬಿಕೆಗೆ ಇದು ಬಲವಾದ ಪೆಟ್ಟು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಹೆತ್ತವರ ಒಪ್ಪಿಗೆ ಲಿಖಿತವಾಗಿರಬೇಕು, ಹಣದ ಆಮಿಷವಿರಬಾರದು, ತಾಯಿಯ ಒಪ್ಪಿಗೆ ಹೆರಿಗೆಯ ನಂತರದ್ದೇ ಆಗಿರಬೇಕು ಎಂದು ಹೇಗ್ ಒಪ್ಪಂದದ ನಾಲ್ಕನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಿಯಮ ಬರೆಯುವುದೇ ಬೇರೆ, ಅದನ್ನು ಪರೀಕ್ಷಿಸಲು ಜನ, ಸಮಯ, ಹಣ ಒದಗಿಸುವುದೇ ಬೇರೆ. ದಂಪತಿಯ ಮನೆಗೆ ತರಬೇತಾದ ಸಮಾಜ ಕಾರ್ಯಕರ್ತರು ಹೋಗಿ ಕೂತು ಮಾತಾಡಿ ವರದಿ ಬರೆಯುತ್ತಾರೆ. ಹೆತ್ತ ತಾಯಿಯನ್ನು ಹುಡುಕಲು ಪತ್ರಿಕೆಯ ಮೂಲೆಯಲ್ಲಿ ಒಂದು ಚಿತ್ರ ಅಚ್ಚಾಗುತ್ತದೆ. ಓದು ಬಾರದ, ಪತ್ರಿಕೆಯೇ ಬಾರದ ತಾಂಡಾದಲ್ಲಿರುವ ಹೆಂಗಸಿಗೆ ಆ ಪ್ರಕಟಣೆ ತಲುಪುವುದು ಹೇಗೆ? ಅಂಗನವಾಡಿ ಕಾರ್ಯಕರ್ತೆಯರೂ ಆಶಾ ಕಾರ್ಯಕರ್ತೆಯರೂ ಪ್ರತಿ ಬಸುರಿಯ ಲೆಕ್ಕವನ್ನು ಇಟ್ಟಿರುವ ದೇಶದಲ್ಲಿ ಆ ಹುಡುಕಾಟವನ್ನು ಊರಿನ ಮಟ್ಟಕ್ಕೆ ಇಳಿಸುವುದು ಅಸಾಧ್ಯವೇನಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ವಿಚಾರಣೆ ಬಿಗಿಯಾದಷ್ಟೂ ಮಗು ಸಂಸ್ಥೆಯಲ್ಲಿ ಕಳೆಯುವ ಕಾಲ ಉದ್ದವಾಗುತ್ತದೆ, ಆ ಕಾಲ ಮತ್ತೆ ಬರುವುದಿಲ್ಲ. ರೊಮೇನಿಯಾದ ಅನಾಥಾಲಯಗಳ ಮಕ್ಕಳನ್ನು ಕುರಿತು 2000ದ ಸುಮಾರಿಗೆ ಬುಕಾರೆಸ್ಟಿನಲ್ಲಿ ಆರಂಭವಾದ ಅಧ್ಯಯನ, ಎರಡು ವರ್ಷದೊಳಗೆ ಕುಟುಂಬದ ಆರೈಕೆ ಸಿಕ್ಕವರ ಬೆಳವಣಿಗೆ ಉಳಿದವರಿಗಿಂತ ಎಷ್ಟೋ ಮೇಲೆಂದು ತೋರಿಸಿತು. ಇದನ್ನು ಒಪ್ಪದೆ ಗತಿಯಿಲ್ಲ. ಆದರೆ ಆ ಅಧ್ಯಯನದ ಮಕ್ಕಳನ್ನು ಸಾಕಿದ್ದು ಅದೇ ಊರಿನ ಸಾಕು ಮನೆಗಳು. ಹೆತ್ತವರ ವಿಚಾರಣೆ ನಡೆಯುವಾಗ ಮಗುವನ್ನು ಅಂಥ ಮನೆಯಲ್ಲಿ ಇರಿಸಿದರೆ ಅವಸರಕ್ಕೂ ಎಚ್ಚರಕ್ಕೂ ಜಗಳವಿರುವುದಿಲ್ಲ. ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವೂ ಇದೆ, ಬಳಕೆಯಾಗುತ್ತಿರುವುದು ಮಾತ್ರ ತೀರಾ ಕಡಿಮೆ. ಇನ್ನು ಕೆಲವರು ಹೊರದೇಶದ ದತ್ತನ್ನೇ ನಿಲ್ಲಿಸಿರೆನ್ನುತ್ತಾರೆ. ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು, ಚೀನಾ 2024ರಲ್ಲಿ ಬಂಧುಗಳ ಹೊರತು ಉಳಿದವರಿಗೆ ಬಾಗಿಲು ಮುಚ್ಚಿತು. ಆ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಭಾರತದಲ್ಲಿ ಆರೋಗ್ಯವಂತ ಕೂಸಿಗಾಗಿ ದಂಪತಿಗಳು ವರ್ಷಗಟ್ಟಲೆ ಸಾಲುಗಟ್ಟಿ ಕಾಯುತ್ತಿರುವಾಗಲೂ ಅಂಗವೈಕಲ್ಯವಿರುವ ಮಗುವನ್ನು ಆರಿಸುವವರು ವಿರಳ. ಇಲ್ಲಿನ ಮನಸ್ಸುಗಳು ಬದಲಾಗುವ ತನಕ ಆ ಮಗುವಿಗಿರುವ ಒಂದೇ ಮನೆಯ ಬಾಗಿಲನ್ನು ತತ್ವದ ಹೆಸರಿನಲ್ಲಿ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಈ ಹಿನ್ನೆಲೆಯಲ್ಲಿ ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಕಳವಳ ಹುಟ್ಟಿಸುತ್ತದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಬಾಕಿ ಪ್ರಕರಣಗಳು ಬೇಗ ಮುಗಿಯಲೆಂಬುದು ಕಾರಣ, ಅದು ಸುಳ್ಳು ಕಾರಣವೂ ಅಲ್ಲ. ಆದರೆ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಗಳ ಕೆಲಸದ ಮೇಲ್ವಿಚಾರಣೆಯನ್ನೂ ಅದೇ ತಿದ್ದುಪಡಿ ಅದೇ ಅಧಿಕಾರಿಗೆ ವಹಿಸಿತು. ಕಡತ ಸಿದ್ಧವಾಗುವ ಆಡಳಿತವೂ ಅದನ್ನು ತೂಗಿ ನೋಡುವ ಕೈಯೂ ಹೀಗೆ ಒಂದೇ ಆಗಿವೆ, 1984ರ ತೀರ್ಪು ಬಯಸಿದ ಹೊರಗಿನ ಕಣ್ಣು ಇಲ್ಲವಾಗಿದೆ. ಕೆಲಸದ ವೇಗವನ್ನು ಉಳಿಸಿಕೊಂಡೇ ಇದನ್ನು ಸರಿಪಡಿಸಬಹುದು. ಮಗು ದತ್ತಿಗೆ ಮುಕ್ತವೆಂಬ ಘೋಷಣೆಯನ್ನು ಮಾತ್ರ, ತಾಯಿ ಪತ್ತೆಯಿದ್ದಲ್ಲಿ ಆಕೆಯನ್ನು ಖುದ್ದು ಕೇಳಿ, ನ್ಯಾಯಾಧೀಶರೊಬ್ಬರು ದೃಢೀಕರಿಸಬೇಕು. ಉಳಿದ ಹಂತಗಳು ಜಿಲ್ಲಾಡಳಿತದಲ್ಲೇ ಇರಲಿ.

ಮಗುವಿನ ಮೂಲವನ್ನು ಸರಿಯಾಗಿ ದಾಖಲಿಸುವ ಅಗತ್ಯವನ್ನು ಈಗ ಎತ್ತಿ ಹೇಳುತ್ತಿರುವವರು ಹಿಂದೆ ದತ್ತು ಹೋಗಿ ಬೆಳೆದು ದೊಡ್ಡವರಾದವರೇ. ಹದಿನೆಂಟು ತುಂಬಿದವರಿಗೆ ತಮ್ಮ ಮೂಲವನ್ನು ಹುಡುಕುವ ಹಕ್ಕನ್ನು ಭಾರತದ ನಿಯಮಗಳು ಒಪ್ಪಿವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ತುರ್ಗಾವ್ ಪ್ರಾಂತಗಳು ಭಾರತದಿಂದ ಬಂದ ಮಕ್ಕಳ ಬಗ್ಗೆ ಮಾಡಿಸಿದ ಸಂಶೋಧನೆಯಲ್ಲಿ, ವಿವರವಾಗಿ ಪರಿಶೀಲಿಸಿದ ಹಳೆಯ ಕಡತಗಳಲ್ಲಿ ಹೆತ್ತವರ ಒಪ್ಪಿಗೆ ಪತ್ರಗಳೇ ಇರಲಿಲ್ಲ. ಹುಡುಕುವ ಹಕ್ಕನ್ನು ಎಷ್ಟು ಉದಾರವಾಗಿ ಕೊಟ್ಟರೂ ಬರೆದಿಡದ ಹೆಸರನ್ನು ಅದು ಮರಳಿ ಕೊಡಲಾರದು. ಇಂದು ಯಾವುದೋ ಜಿಲ್ಲೆಯ ಸಮಿತಿಯ ಮುಂದಿರುವ ಕೂಸಿಗೆ ಆ ಹೆಸರನ್ನು ಬರೆದಿಡಲು ಇರುವ ಗಡುವು ಎರಡು ತಿಂಗಳು.